ಮಳೆಗಾಲದಲ್ಲಿ ರಾಡಾರ್ ವೇವ್‌ಗೈಡ್ ಒಳಗೆ ಕಿಡಿ

ಪ್ರಶ್ನೆ: ಕಾರವಾರದ ಬೈತಖೋಲ್‌ನಲ್ಲಿ ನಿಂತಿರುವ ಟಗ್‌ನ (ಹಡಗು ಎಳೆಯುವ ದೋಣಿಯ) ರಾಡಾರ್. 9.4 ಗಿಗಾಹರ್ಟ್ಜ್, 25 ಕಿಲೋವ್ಯಾಟ್ ಮ್ಯಾಗ್ನೆಟ್ರಾನ್ (ರಾಡಾರ್ ಅಲೆ ಹುಟ್ಟಿಸುವ ಭಾಗ), ಮಾಸ್ಟ್‌ವರೆಗೆ ತಾಮ್ರದ ವೇವ್‌ಗೈಡ್ (ಆ ಅಲೆಯನ್ನು ಆಂಟೆನಾಗೆ ಒಯ್ಯುವ ಟೊಳ್ಳು ಕೊಳವೆ). ಮಳೆ ಹಿಡಿದ ಮೇಲೆ ದೂರದ ಗುರಿ ಕಾಣುತ್ತಿಲ್ಲ, ಮ್ಯಾಗ್ನೆಟ್ರಾನ್ ಕರೆಂಟ್ ಓಲಾಡುತ್ತದೆ, ಕೊಳವೆಯಲ್ಲಿ ಟಕ್ ಟಕ್ ಸದ್ದು. ಮ್ಯಾಗ್ನೆಟ್ರಾನ್ ಬದಲಿಸಬೇಕೇ?

ಉತ್ತರ 1: ಈಗಲೇ ಬೇಡ. ಒಳಗೆ ನೀರು ಸೇರಿರಬೇಕು. ಬ್ರೇಕರ್ ಆಫ್ ಮಾಡಿ ಬೀಗ ಹಾಕಿ, ಮಾಡ್ಯುಲೇಟರ್ (ಮ್ಯಾಗ್ನೆಟ್ರಾನ್‌ಗೆ ಹೈ ವೋಲ್ಟೇಜ್ ಪಲ್ಸ್ ಕೊಡುವ ಭಾಗ) ಕೆಪಾಸಿಟರಿನ ಚಾರ್ಜ್ ಖಾಲಿ ಮಾಡಿ, ನಂತರವೇ ಎಲ್ಲಕ್ಕಿಂತ ಕೆಳಗಿನ ಫ್ಲ್ಯಾಂಜ್ (ಕೊಳವೆಗಳು ಕೂಡುವ ಪಟ್ಟಿ) ಬಿಚ್ಚಿ. ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಒಣ ನೈಟ್ರೋಜನ್ ಊದಿ. ಉಜ್ಜುಕಾಗದ ಮುಟ್ಟಿಸಬೇಡಿ, ಗೀರು ಬಿದ್ದಲ್ಲೇ ಮತ್ತೆ ಕಿಡಿ ಹಾರುತ್ತದೆ.

ಉತ್ತರ 2: ಚೋಕ್ ಫ್ಲ್ಯಾಂಜಿನ (ಮುಖದಲ್ಲಿ ಅಲೆ ಸೋರದಂತೆ ತಡೆಯುವ ತೋಡು ಇರುವ ಫ್ಲ್ಯಾಂಜ್) ಓ-ರಿಂಗ್, ಅಂದರೆ ರಬ್ಬರ್ ಉಂಗುರ, ಹೊಸದು ಹಾಕಿ. ಎದುರು ಸಾದಾ ಫ್ಲ್ಯಾಂಜೇ ಇರಲಿ. ಸಿಲಿಕೋನ್ ಸೀಲಂಟ್ ಹೊರಗಿನಿಂದ ಮಾತ್ರ, ಚೋಕ್ ತೋಡಿನೊಳಗೆ ಹೋದರೆ ಕೆಲಸ ಕೆಟ್ಟಿತು. ಆಂಟೆನಾ ಕಿಟಕಿಯ (ಅಲೆ ಹೊರಹೋಗುವ ಬಾಯಿಯ ಮುಚ್ಚಳದ) ಬಿರುಕನ್ನೂ ನೋಡಿ, ಅನೇಕರು ಮರೆಯುವುದು ಅದನ್ನೇ.

ಉತ್ತರ 3: ಉಪೇಕ್ಷಿಸಿದರೆ ಮ್ಯಾಗ್ನೆಟ್ರಾನ್ ನಿಜಕ್ಕೂ ಹೋಗುತ್ತದೆ. ಒಳಗಿನ ನೀರು, ಕಿಡಿಯಿಂದ ಶಕ್ತಿ ಅದರತ್ತ ಪ್ರತಿಫಲಿಸುತ್ತದೆ. ಆ ಪ್ರತಿಫಲನದ ಅಳತೆಯಾದ ವಿಎಸ್‌ಡಬ್ಲ್ಯುಆರ್ 1.5 ಇದ್ದರೆ ಶೇ 4 ಶಕ್ತಿ ಹಿಂದಿರುಗುತ್ತದೆ. 2 ಆದರೆ ಶೇ 11, ಅಂದರೆ 25ರಲ್ಲಿ ಸುಮಾರು 2.8 ಕಿಲೋವ್ಯಾಟ್ ಪೀಕ್. ಸರ್ಕ್ಯುಲೇಟರ್ (ಅಲೆಯನ್ನು ಒಂದೇ ದಿಕ್ಕಿಗೆ ಸಾಗಿಸುವ ಭಾಗ) ಹಿಂದಿರುಗಿದ ಶಕ್ತಿಯನ್ನು ಲೋಡ್‌ಗೆ (ಅದನ್ನು ಹೀರಿಕೊಳ್ಳುವ ಭಾಗಕ್ಕೆ) ತಿರುಗಿಸಬೇಕು, ಸರ್ಕ್ಯುಲೇಟರನ್ನೂ ಪರೀಕ್ಷಿಸಿ. ಜೋಡಿಸಿದ ಮೇಲೆ ಒಳಗೆ ಒಣ ನೈಟ್ರೋಜನ್‌ನ ಸ್ವಲ್ಪ ಒತ್ತಡ ಕೊಟ್ಟು, ಹೊರಗಿನಿಂದ ಸಂದುಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ. ತೆರೆದ ಕೊಳವೆಯ ಬಾಯಿಗೆ ಕಣ್ಣಿಡುವವರು ಬ್ರೇಕರ್ ಬೀಗದ ಕೀಲಿ ತಮ್ಮ ಕಿಸೆಯಲ್ಲೇ ಇಟ್ಟುಕೊಳ್ಳಿ.