‘ಸಿಬ್ಬಂದಿ ಎಷ್ಟು’ ಅಂದ್ರೆ ಎಣಿಸೋದು ತಲೆನಾ, ಕುರ್ಚಿನಾ?

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೀತಿದೀನಿ. ನಿಯಮದ ಪ್ರಕಾರ ಬೇಕಾದಷ್ಟು ಜನ ಕೆಲಸಕ್ಕೆ ಇಲ್ಲದಾಗ ಅನ್ನೋ ‘ಶಾರ್ಟ್‌ಫಾಲ್’ಗೆ ಕನ್ನಡದಲ್ಲಿ ಏನಂತ ಬರೀಬೇಕು ಅಂತ ಕೇಳೋದಿದೆ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನದು ಅನುವಾದದ ಕೆಲಸ, ಅದ್ರಲ್ಲೂ ಜಾಸ್ತಿ ಫಾರ್ಮುಗಳೇ. ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರದ ಅಕ್ಕಲಕೋಟ ಕಡೆ ಕನ್ನಡ ಮಾತಾಡೋ ಹಳ್ಳಿ ಬಹಳ ಇವೆಯಲ್ಲ, ಅಲ್ಲಿಗೂ ಈಚೆ ವಿಜಯಪುರ ಕಡೆಗೂ ಒಂದೇ ಸರ್ವೆ ಫಾರ್ಮ್ ಹೋಗ್ಬೇಕಿತ್ತು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಎಷ್ಟು ಜನ ಕೆಲಸಕ್ಕಿದಾರೆ, ರಿಜಿಸ್ಟರ್‌ಗಳನ್ನ ಹೇಗೆ ಇಡ್ತಾರೆ ಅಂತ ಕೇಳೋದು. ಮರಾಠಿ ಫಾರ್ಮ್ ಮುಂದಿಟ್ಕೊಂಡು ಕನ್ನಡಕ್ಕೆ ತಂದಿದ್ದು ನಾನೇ. ಮೊದಲ ಕಾಲಂಗೆ ‘ಸಿಬ್ಬಂದಿ ಸಂಖ್ಯೆ’ ಅಂತ ಹಾಕಿ ಕೈ ತೊಳ್ಕೊಂಡೆ.

ಪರೀಕ್ಷೆಗೆ ಅಂತ ಗಡಿ ಕಡೆಯ ಒಂದೇ ಕೇಂದ್ರದಲ್ಲಿ ಇಬ್ಬರ ಹತ್ರ ಬೇರೆ ಬೇರೆ ತುಂಬಿಸಿದ್ವಿ. ಒಂದ್ರಲ್ಲಿ ಸಿಬ್ಬಂದಿ 14, ಇನ್ನೊಂದ್ರಲ್ಲಿ 8! ಫೋನ್ ಹಚ್ಚಿ ಕೇಳಿದ್ರೆ ಕ್ಲಾರ್ಕ್ ಹೇಳ್ತಾರೆ, ಆರ್ಡರಿನ್ಯಾಗ ಮಂಜೂರಾಗಿದ್ದು ಅಷ್ಟ ಅದಾವ್ರೀ ಅಂತ. ನರ್ಸಬಾಯಿ ಅವತ್ತಿನ ಹಾಜರಿ ಪುಸ್ತಕದ ಸಹಿ ಎಣಿಸಿದ್ರಂತೆ, “ನಾ ಬಂದವ್ರನ್ನ ಎಣಿಸೇನ್ರಿ, ಬರಲಾರದವ್ರನ್ನ ಹ್ಯಾಂಗ ಎಣಿಸ್ಲಿ?” ಅಂದ್ರು. ಲ್ಯಾಬಿನವರು ನಿಯೋಜನೆ ಮೇಲೆ ತಾಲ್ಲೂಕಿಗೆ ಹೋಗಿದಾರೆ, ಪಗಾರ ಮಾತ್ರ ಇಲ್ಲೇ ಆಗುತ್ತೆ, ಹಾಗಾಗಿ ಕ್ಲಾರ್ಕ್ ಲೆಕ್ಕದಲ್ಲಿ ಇದಾರೆ, ನರ್ಸಬಾಯಿ ಲೆಕ್ಕದಲ್ಲಿ ಇಲ್ಲ. ಡಾಕ್ಟರು ಪಕ್ಕದ ಕೇಂದ್ರಕ್ಕೂ ಪ್ರಭಾರ, ಅಂದ್ರೆ ಅಲ್ಲಿ ಕೇಳಿದ್ರೆ ಅಲ್ಲೂ ಒಂದು. ಇಬ್ಬರೂ ಬರೆದಿದ್ದು ಸರಿ, ತಪ್ಪಿದ್ದು ನನ್ನ ಪದ.

ಇದನ್ನ ಆಫೀಸಿನ ಮರಾಠಿ ಗೆಳತಿಗೆ ಹೇಳ್ತಿದ್ದೆ. ‘ಸಿಬ್ಬಂದಿ’ ಅಂದ ಕೂಡ್ಲೆ ಅವಳಿಗೆ ನಗು, ದವಾಖಾನೆಯಲ್ಲಿ ಶಿಬಂದಿನಾ, ಅದೇನು ಕೋಟೆನಾ ಅಂತ. ಮರಾಠಿಯಲ್ಲಿ ಶಿಬಂದಿ ಅಂದ್ರೆ ಇವತ್ತಿಗೂ ಕೋಟೆ ಕಾಯೋ ದಂಡು. ಸ್ಟಾಫಿಗೆ ಅವ್ರು ‘ಕರ್ಮಚಾರಿ’ ಅಂತಾರೆ. ಮೂಲ ಫಾರಸಿಯ ಸಿಹ್‌ಬಂದಿ. ಕಂದಾಯ ವಸೂಲಿಗೆ, ಠಾಣ್ಯದ ಕಾವಲಿಗೆ ಇಟ್ಕೊಳ್ತಿದ್ದ ಕಾಯಂ ಅಲ್ಲದ ಪಡೆಗೆ ಆ ಹೆಸರು. ಒಂದು ಥರಾ ಗುತ್ತಿಗೆ ನೌಕರರೇ ಅನ್ನಿ! ಕನ್ನಡಕ್ಕೆ ಬಂದು ಅದು ಕತ್ತಿ ಗುರಾಣಿ ಕೆಳಗಿಟ್ಟು ಕಚೇರಿ ಸೇರ್ಕೊಂಡಿದೆ. ದಂಡಿನ ಲೆಕ್ಕದಲ್ಲೂ ಇದೇ ತಕರಾರು ಇತ್ತು, ಕಾಗದದ ಮೇಲೆ ನೂರು ಸವಾರರು, ಮೈದಾನದಲ್ಲಿ ಅರವತ್ತು. ಅದಕ್ಕೇ ಮೊಗಲರ ಕಾಲದಲ್ಲಿ ಕುದುರೆಗೆ ‘ದಾಗ್’ ಅಂತ ಬರೆ ಹಾಕೋದು, ಸವಾರನ ಮುಖಚಹರೆ ಬರೆದಿಡೋದು ಮಾಡ್ತಿದ್ರು. ನಾವು ಈಗ ಬಯೋಮೆಟ್ರಿಕ್‌ನಲ್ಲಿ ಹೆಬ್ಬೆಟ್ಟು ಒತ್ತಿಸ್ತೀವಿ, ಕುದುರೆ ಪಾಡು ಬೇಡ ಸದ್ಯ.

ವ್ಯಾಕರಣದಲ್ಲೂ ಈ ಪದ ಜಾರುತ್ತೆ. ಮೂಲದಲ್ಲಿ ಇದು ಗುಂಪಿನ ಹೆಸರು, ಹಳೇ ಕಾಗದಪತ್ರದಲ್ಲಿ ‘ಸಿಬ್ಬಂದಿ ವರ್ಗದವರು’ ಅಂತಿದ್ದಿದ್ದು ಅದಕ್ಕೇ. ಈಗ ಪೇಪರ್‌ನಲ್ಲಿ ‘ಇಬ್ಬರು ಸಿಬ್ಬಂದಿ ಅಮಾನತು’ ಅಂತ ಬರುತ್ತೆ, ‘ಸಿಬ್ಬಂದಿಗಳು’ ಕೂಡ ಬಂದಿದೆ. ನಂಗೆ ಅದ್ರ ಮೇಲೆ ಸಿಟ್ಟೇನಿಲ್ಲ, ಭಾಷೆ ನಡೆದ ದಾರಿ ಅದು. ಆದ್ರೆ ಎಣಿಕೆಗೆ ನಿಂತಾಗ ಆಳು, ಹುದ್ದೆ, ಗುಂಪು ಮೂರನ್ನೂ ಒಂದೇ ಪದ ಹೊತ್ಕೊಂಡ್ರೆ ಲೆಕ್ಕ ಕೆಡುತ್ತೆ. ನಮ್ಮ ಕಡೆ ‘ದವಾಖಾನಿ ಮಂದಿ’ ಅಂತಾರೆ, ಅದ್ರಲ್ಲಿ ಈ ಗೊಂದಲ ಇಲ್ಲ, ಖಾಲಿ ಕುರ್ಚಿಗೆ ಯಾರೂ ಮಂದಿ ಅನ್ನಲ್ಲ.

ಮರಾಠಿಯಲ್ಲಿ ಮೂರು ಕಾಲಂ ಇದೆ, ಮಂಜೂರ್ ಪದೇ, ಭರಲೇಲೀ ಪದೇ, ರಿಕ್ತ ಪದೇ. ಅದನ್ನ ಹಾಗೇ ‘ರಿಕ್ತ ಪದ’ ಅಂತ ಬರೆದ್ರೆ ನಮ್ಮ ಊರಲ್ಲಿ ಇದ್ಯಾವ ಹಾಡು ಅಂತ ಕೇಳ್ತಾರೆ, ಪದ ಅಂದ್ರೆ ಗೀಗೀ ಪದ ಅಲ್ವಾ. ಹಾಗಾಗಿ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ. ಇಲ್ಲಿವರೆಗೆ ಸಲೀಸು.

ಸಿಕ್ಕಾಕೊಂಡಿದ್ದು ನಾಲ್ಕನೇ ಕಾಲಂಗೆ, ಅದೇ ಶಾರ್ಟ್‌ಫಾಲ್. ಕೇಂದ್ರ ಆರೋಗ್ಯ ಇಲಾಖೆಯ ಗ್ರಾಮೀಣ ಆರೋಗ್ಯದ ಅಂಕಿಅಂಶ ಪುಸ್ತಕದಲ್ಲಿ ವೇಕನ್ಸಿ ಬೇರೆ, ಶಾರ್ಟ್‌ಫಾಲ್ ಬೇರೆ. ಮಂಜೂರಾಗಿದ್ದರಲ್ಲಿ ಇರೋರನ್ನ ಕಳೆದ್ರೆ ವೇಕನ್ಸಿ, ನಿಯಮದ ಪ್ರಕಾರ ಬೇಕಾಗಿದ್ದರಲ್ಲಿ ಇರೋರನ್ನ ಕಳೆದ್ರೆ ಶಾರ್ಟ್‌ಫಾಲ್. ಸಮುದಾಯ ಆರೋಗ್ಯ ಕೇಂದ್ರಕ್ಕೆ ನಾಲ್ಕು ತಜ್ಞರು ಬೇಕು ಅಂತಿಟ್ಕೊಳ್ಳಿ, ಸರ್ಕಾರ ಮಂಜೂರು ಮಾಡಿದ್ದು ಎರಡು, ಇರೋರು ಒಬ್ಬರು, ಆಗ ವೇಕನ್ಸಿ 1, ಶಾರ್ಟ್‌ಫಾಲ್ 3. ಎರಡಕ್ಕೂ ‘ಕೊರತೆ’ ಅಂದ್ಬಿಟ್ರೆ ಆ ನಡುವಿನ ಎರಡು ಹುದ್ದೆ, ಅಂದ್ರೆ ಹುಟ್ಟೇ ಇಲ್ಲದ ಹುದ್ದೆ, ಕಣ್ಣಿಗೇ ಬೀಳಲ್ಲ. ಇಷ್ಟೇ ಅಲ್ಲ, ಅದೇ ಪುಸ್ತಕದಲ್ಲಿ ದೇಶದ ಒಟ್ಟು ತೆಗೆಯುವಾಗ ಒಂದು ರಾಜ್ಯದಲ್ಲಿ ಹೆಚ್ಚಿಗೆ ಇರೋರನ್ನ ಇನ್ನೊಂದು ರಾಜ್ಯದ ಕೊರತೆಯಲ್ಲಿ ಕಳೆಯಲ್ಲ, ಅದು ಸರಿಯೇ, ಕೇರಳದ ಹೆಚ್ಚುವರಿ ನರ್ಸು ಬಿಹಾರದಲ್ಲಿ ಬಾಣಂತನ ಮಾಡಿಸೋಕಾಗುತ್ತಾ? ಶಾರ್ಟ್‌ಫಾಲಿಗೆ ‘ಕಡಿಮೆ ಬೀಳುವ’ ಅಂತ ಬರೆದು ನೋಡ್ದೆ, ‘ಅಗತ್ಯಕ್ಕೆ ಕಮ್ಮಿ’ ಅಂತ ನೋಡ್ದೆ, ‘ತುಟ್ಟಿ’ ಅಂದ್ರೆ ನಮ್ಮಲ್ಲಿ ರೇಟು ಜಾಸ್ತಿ ಅಂತಾಗುತ್ತೆ. ಯಾವುದೂ ಕಾಲಂನಲ್ಲಿ ಕೂರ್ತಿಲ್ಲ.

ಇನ್ನು ಆಶಾ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಅವರನ್ನ ತಂದಾಗಿನಿಂದ ಸರ್ಕಾರದ ಲೆಕ್ಕದಲ್ಲಿ ಅವರು ಗೌರವ ಸ್ವಯಂಸೇವಕಿಯರು, ಸಂಬಳ ಅಲ್ಲ, ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಮರಾಠಿ ಫಾರ್ಮಲ್ಲೂ ‘ಆಶಾ ಸ್ವಯಂಸೇವಿಕಾ’ ಅಂತಲೇ ಇದೆ. ಕನ್ನಡದಲ್ಲಿ ‘ಆಶಾ ಕಾರ್ಯಕರ್ತೆ’. ನಮ್ಮ ಪದ ಕೆಲಸವನ್ನಾದ್ರೂ ಒಪ್ಕೊಳ್ಳುತ್ತೆ ಅಂತ ನಂಗೆ ಒಳಗೊಳಗೇ ಖುಷಿ, ಆದ್ರೆ ‘ಸಿಬ್ಬಂದಿ’ ಕೆಳಗೆ ಅವರನ್ನ ಎಣಿಸಬೇಕಾ ಬೇಡ್ವಾ ಅಂತ ಆ ನರ್ಸಬಾಯಿ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರಿಗೆ ಬೇರೆ ಸಾಲೇ ಹಾಕಿದೀನಿ.

ಎರಡನೇ ಪುಟದಲ್ಲಿ ಇನ್ನೊಂದು ಎಡವಟ್ಟು. ‘ಈ ತಿಂಗಳು ದಾಖಲಾದ ರೋಗಿಗಳು’ ಅಂತ ಬರೆದಿದ್ದೆ. ಆರು ಹಾಸಿಗೆಯ ಕೇಂದ್ರದಿಂದ 900 ಅಂತ ಬಂತು, ಒಪಿಡಿ ರಿಜಿಸ್ಟರಿನಲ್ಲಿ ಹೆಸರು ದಾಖಲಾದವರೆಲ್ಲ ಸೇರಿ! ‘ದಾಖಲು’ ಅನ್ನೋದಕ್ಕೆ ಅರಬಿ ಮೂಲದಲ್ಲಿ ಒಳಗೆ ಬರೋದು ಅಂತಷ್ಟೇ ಅರ್ಥ, ಹಾಸಿಗೆಗೆ ಬಂದ್ರೂ ಪುಸ್ತಕಕ್ಕೆ ಬಂದ್ರೂ ದಾಖಲೇ. ಮರಾಠಿಯವರು ಪುಸ್ತಕಕ್ಕೆ ‘ನೋಂದ್’, ಹಾಸಿಗೆಗೆ ‘ದಾಖಲ್’ ಅಂತ ಬೇರೆ ಮಾಡ್ಕೊಂಡಿದಾರೆ. ನಾನು ಸುಮ್ನೆ ‘ಹೆಸರು ಬರೆಸಿದವರು’, ‘ಅಡ್ಮಿಟ್ ಆದವರು’ ಅಂತ ತಿದ್ದಿದೆ.

ಉಳಿದಿದ್ದು ಆ ಶಾರ್ಟ್‌ಫಾಲ್ ಒಂದೇ. ಹುದ್ದೆ ಮಂಜೂರಾಗಿರಲಿ ಬಿಡಲಿ, ನಿಯಮದ ಪ್ರಕಾರ ಬೇಕಾಗಿದ್ದಕ್ಕಿಂತ ಎಷ್ಟು ಜನ ಕಮ್ಮಿ ಇದಾರೋ ಅದಕ್ಕೆ ನಿಮ್ಮ ಕಡೆ ಆಫೀಸಿನವರು ಬಾಯಲ್ಲಿ ಏನಂತಾರೆ? ಎರಡು ಪದಕ್ಕಿಂತ ಜಾಸ್ತಿ ಬೇಡ, ಕಾಲಂ ಬಹಳ ಸಣ್ಣದಿದೆ, ಶುಕ್ರವಾರ ಪ್ರಿಂಟಿಗೆ ಹೋಗುತ್ತೆ.