ಮುದ್ರಿತ ಜರ್ನಲ್ ನಿಲ್ಲಿಸುವ ಮುಂಚೆ ನೋಡಬೇಕಾದದ್ದು

ಅನುದಾನಿತ ಪದವಿ ಕಾಲೇಜಿಗೆ ಹೊಸದಾಗಿ ಬಂದಿರುವ ಲೈಬ್ರರಿಯನ್ ಒಬ್ಬರು ಕೇಳಿದ್ದಾರೆ: "ಮುಂದಿನ ವರ್ಷದಿಂದ ಮುದ್ರಿತ ಜರ್ನಲ್‌ಗಳ ಚಂದಾ ಪೂರ್ತಿ ನಿಲ್ಲಿಸಿ, ಎಲ್ಲ ಆನ್‌ಲೈನ್ ಮಾಡಿ ಅಂತ ಆಡಳಿತ ಮಂಡಳಿ ಹೇಳಿದೆ. ಹಳೆಯ ಸಂಪುಟಗಳ ಕಪಾಟನ್ನೂ ತೆಗೆಯಬೇಕಂತೆ. ಒಪ್ಪಿಕೊಳ್ಳಲಾ? ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ."

ಈ ಬದಲಾವಣೆಯನ್ನು ನಮ್ಮ ಲೈಬ್ರರಿಯಲ್ಲೂ ಮಾಡಿದ್ದೇವೆ. ಬೇರೆ ಕಾಲೇಜುಗಳ ಗೆಳೆಯರು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಆನ್‌ಲೈನ್‌ಗೆ ಹೋಗಿ, ಅದರಲ್ಲಿ ಅನುಮಾನ ಬೇಡ. ಆದರೆ ಇಡೀ ಪಟ್ಟಿಗೆ ಒಂದೇ ಏಟಿಗೆ ಗೀಟು ಹಾಕಲು ಒಪ್ಪಬೇಡಿ. ಒಂದೊಂದು ಜರ್ನಲ್ ಹೆಸರಿನ ಮುಂದೆಯೂ ಇದನ್ನು ಕೇಳಿಕೊಳ್ಳಿ: ನಾಳೆ ನಾವು ದುಡ್ಡು ಕಟ್ಟುವುದು ನಿಲ್ಲಿಸಿದರೆ ಲೈಬ್ರರಿಯಲ್ಲಿ ಏನು ಉಳಿಯುತ್ತದೆ? ಮುದ್ರಿತ ಜರ್ನಲ್ ಆದರೆ ಬಂದಷ್ಟು ಸಂಚಿಕೆ ಕಪಾಟಿನಲ್ಲೇ ಇರುತ್ತದೆ. ಇ-ಜರ್ನಲ್ ಆದರೆ ಕರಾರುಪತ್ರದಲ್ಲಿ ಏನು ಬರೆದಿದೆಯೋ ಅಷ್ಟೇ. ಚಂದಾ ಕಟ್ಟಿದ ವರ್ಷಗಳ ಸಂಚಿಕೆಗಳನ್ನು ಚಂದಾ ನಿಂತ ಮೇಲೂ ಓದಬಹುದು ಎಂಬ ಷರತ್ತು ಕೆಲವು ಕಡೆ ಇರುತ್ತದೆ. ಬಹಳಷ್ಟು ಪ್ಯಾಕೇಜುಗಳಲ್ಲಿ ಇರುವುದಿಲ್ಲ. ಏಜೆಂಟ್ ಬಾಯಿಮಾತಲ್ಲಿ "ಇದೆ ಮೇಡಂ, ಚಿಂತೆ ಬೇಡ" ಅಂದರೆ ಸಾಲದು, ಬರಹದಲ್ಲಿ ತೆಗೆದುಕೊಳ್ಳಿ. ಪ್ರಕಾಶಕರು ತಮ್ಮ ಜರ್ನಲ್‌ಗಳನ್ನು ಪೋರ್ಟಿಕೊ ಅಥವಾ ಕ್ಲಾಕ್ಸ್‌ನಂಥ ಸಂಗ್ರಹದಲ್ಲಿ ಇಟ್ಟಿದ್ದಾರಾ ಅಂತಲೂ ಕೇಳಿ. ಪ್ರಕಾಶನವೇ ಮುಚ್ಚಿದರೂ ಲೇಖನಗಳು ಕಳೆದುಹೋಗದಂತೆ ಕಾಪಾಡುವ ವ್ಯವಸ್ಥೆಗಳು ಅವು.

ದುಡ್ಡು ಕೊಡದೆ ಅಥವಾ ತೀರಾ ಕಮ್ಮಿ ದುಡ್ಡಿಗೆ ಏನೇನು ಸಿಗುತ್ತದೆ ಅಂತ ಮೊದಲು ನೋಡಿ. ನಿಮ್ಮಂಥ ಕಾಲೇಜಿಗೆ ಯುಜಿಸಿಯ ಲೈಬ್ರರಿ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಯೋಜನೆ ಇದೆ. ವರ್ಷದ ಸದಸ್ಯತ್ವ ಶುಲ್ಕ ಚಿಕ್ಕದು, ಸಿಗುವುದು ಸಾವಿರಾರು ಇ-ಜರ್ನಲ್, ಜೊತೆಗೆ ಇ-ಪುಸ್ತಕಗಳು. ಈಗ ದೇಶದ ಸಂಸ್ಥೆಗಳಿಗೆಲ್ಲ ಒಟ್ಟಾಗಿ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯೂ ಬಂದಿದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿತು. 2025ರಿಂದ 2027ರವರೆಗೆ 6000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಆದರೆ ಅದನ್ನು ರೂಪಿಸಿದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಸಂಸ್ಥೆಗಳಿಗೆ. ಖಾಸಗಿ ಆಡಳಿತ ಮಂಡಳಿ ಇರುವ ಅನುದಾನಿತ ಕಾಲೇಜಿಗೂ ಬಂದೇ ಬರುತ್ತದೆ ಅಂದುಕೊಂಡು ಚಂದಾ ನಿಲ್ಲಿಸಬೇಡಿ. ಪಟ್ಟಿಯಲ್ಲಿ ಕಾಲೇಜಿನ ಹೆಸರನ್ನು ಕಣ್ಣಾರೆ ನೋಡಿ, ಆಮೇಲೆ ಮಾತಾಡಿ.

ವಿಜ್ಞಾನದ ವಿಭಾಗಗಳಿಗೆ ನಮ್ಮ ಬೆಂಗಳೂರಿನಿಂದಲೇ ದೊಡ್ಡ ಸಹಾಯ ಇದೆ. 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಆನ್‌ಲೈನ್‌ನಲ್ಲಿ ಉಚಿತ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತನ್ನ ಪ್ರಮಾಣ, ಸಾಧನಾ, ರೆಸೊನೆನ್ಸ್‌ನಂಥ ಜರ್ನಲ್‌ಗಳ ಲೇಖನಗಳನ್ನು ತನ್ನ ಜಾಲತಾಣದಲ್ಲೇ ಓದಲು ಕೊಟ್ಟಿದೆ. ಅಲ್ಲಿಗೆ ಹೋಗಲು ಪಾಸ್‌ವರ್ಡ್ ಬೇಡ, ಕರಾರೂ ಬೇಡ. ಇವುಗಳ ಮುದ್ರಿತ ಪ್ರತಿ ನಿಲ್ಲಿಸಿದರೆ ಯಾರಿಗೂ ಕಷ್ಟವಾಗುವುದಿಲ್ಲ. ನಮ್ಮಲ್ಲಿ ಉಳಿತಾಯ ಶುರುವಾದದ್ದೇ ಹೀಗೆ.

ಇನ್ನು ಪ್ಯಾಕೇಜಿನಲ್ಲಿ ಜರ್ನಲ್ ಹೆಸರು ಇದ್ದ ಮಾತ್ರಕ್ಕೆ ಅದು ಪೂರ್ತಿ ಸಿಗುತ್ತದೆ ಅಂತಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಗೆಳೆಯರೊಬ್ಬರ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಜರ್ನಲ್ ಒಂದರ ಮುದ್ರಿತ ಚಂದಾ ನಿಲ್ಲಿಸಿದರು, ಅದು ಡೇಟಾಬೇಸ್ ಪಟ್ಟಿಯಲ್ಲಿ ಇತ್ತಲ್ಲ ಅಂತ. ಜೂನ್‌ನಲ್ಲಿ ಮೇಷ್ಟ್ರು ಬಂದು ಆ ವರ್ಷದ ಸಂಚಿಕೆ ಕೇಳಿದರು. ತೆರೆದರೆ ಸಾರಾಂಶ ಮಾತ್ರ ಕಾಣುತ್ತದೆ, ಪೂರ್ಣ ಲೇಖನ ಇಲ್ಲ. ಹೊಸ ಸಂಚಿಕೆಗಳಿಗೆ ಹನ್ನೆರಡು ತಿಂಗಳ ಎಂಬಾರ್ಗೊ ಇತ್ತು. ಅಂದರೆ ಪ್ರಕಟವಾಗಿ ಒಂದು ವರ್ಷ ಆದ ಮೇಲಷ್ಟೇ ಪೂರ್ಣ ಪಾಠ. ಜೆಸ್ಟೋರ್‌ನಂಥ ಸಂಗ್ರಹದಲ್ಲಿ ಉಲ್ಟಾ ಅನುಕೂಲ: ಮೊದಲ ಸಂಪುಟದಿಂದ ಸಿಗುತ್ತದೆ, ಆದರೆ ಎಷ್ಟೋ ಜರ್ನಲ್‌ಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆಗಳು ಇರುವುದಿಲ್ಲ.

ಹಾಗಾಗಿ ಟ್ರಯಲ್ ಕೊಟ್ಟಾಗ ಹೀಗೆ ಮಾಡಿ. ನಿಮ್ಮ ಮೇಜಿನ ಕಂಪ್ಯೂಟರ್ ಬಿಟ್ಟು, ವಿದ್ಯಾರ್ಥಿಗಳು ಕೂರುವ ಕಂಪ್ಯೂಟರ್‌ಗೆ ಹೋಗಿ. ಜರ್ನಲ್‌ನ ತೀರಾ ಹಳೆಯ ಸಂಚಿಕೆ ಒಂದು, ಹೊಚ್ಚಹೊಸದು ಒಂದು, ನಡುವಿನದು ಒಂದು ತೆರೆದು ಪಿಡಿಎಫ್ ಇಳಿಸಿ. ಆಮೇಲೆ ಮೊಬೈಲ್‌ನಲ್ಲೂ ಇಳಿಸಿ ನೋಡಿ. ನಮ್ಮ ಹುಡುಗರಲ್ಲಿ ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು ಕಮ್ಮಿ, ಊರಿಗೆ ಹೋದ ಮೇಲೆ ಓದುವುದು ಫೋನಿನಲ್ಲೇ. ಜರ್ನಲ್‌ನ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಹೋಲಿಸುವಾಗಲೂ ಗಮನ ಇರಲಿ: ಮುದ್ರಿತ ಜರ್ನಲ್‌ಗೆ ಒಂದು ಸಂಖ್ಯೆ, ಅದರ ಆನ್‌ಲೈನ್ ರೂಪಕ್ಕೆ ಬೇರೆ ಸಂಖ್ಯೆ. ಹೆಸರು ಬದಲಾಯಿಸಿಕೊಂಡ ಜರ್ನಲ್ ಆದರೆ ಹಳೆಯ ಹೆಸರಿನ ಸಂಪುಟಗಳು ಪ್ಯಾಕೇಜಿನಿಂದ ಬಿಟ್ಟುಹೋಗಿರಬಹುದು.

ಬಿಲ್ಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಂದಾ ಜನವರಿಯಿಂದ ಡಿಸೆಂಬರ್, ಕಾಲೇಜಿನ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ಆಡಿಟ್‌ನವರು ಇದನ್ನು ಕೇಳೇ ಕೇಳುತ್ತಾರೆ, ಟಿಪ್ಪಣಿ ಮೊದಲೇ ಇಟ್ಟುಕೊಳ್ಳಿ. ಪದವಿ ಕೊಡುವ ಸಂಸ್ಥೆಗಳಿಗೆ ಆನ್‌ಲೈನ್ ಶೈಕ್ಷಣಿಕ ಜರ್ನಲ್‌ಗಳ ಮೇಲೆ 2018ರ ಜನವರಿಯಲ್ಲಿ ಜಿಎಸ್‌ಟಿ ವಿನಾಯಿತಿ ಬಂತು. ಬಿಲ್ಲಿನಲ್ಲಿ ಶೇ 18 ಹಾಕಿದ್ದರೆ ಸುಮ್ನೆ ಕಟ್ಟಬೇಡಿ, ಲೆಕ್ಕಪರಿಶೋಧಕರ ಹತ್ತಿರ ಕೇಳಿ. ಮುಂಗಡ ಹಣವನ್ನೆಲ್ಲ ಒಬ್ಬ ಏಜೆಂಟರ ಕೈಗೆ ಕೊಡುವುದೂ ಕ್ಷೇಮವಲ್ಲ. ನೆದರ್‌ಲ್ಯಾಂಡ್ಸ್‌ನ ಸ್ವೆಟ್ಸ್ 1901ರಿಂದ ಇದ್ದ ಚಂದಾ ಏಜೆಂಟ್ ಸಂಸ್ಥೆ. 2014ರ ಸೆಪ್ಟೆಂಬರ್‌ನಲ್ಲಿ ದಿವಾಳಿಯಾದಾಗ ಅದಕ್ಕೆ ಮುಂಗಡ ಕಟ್ಟಿದ್ದ ಲೈಬ್ರರಿಗಳು ಹಣ ಕಳೆದುಕೊಂಡವು.

ಆಡಳಿತ ಮಂಡಳಿಯ ಮುಂದೆ ಕೂತಾಗ ಅಂಕಿ ಬೇಕಾಗುತ್ತದೆ. ಇ-ಜರ್ನಲ್‌ಗಳನ್ನು ಎಷ್ಟು ಬಳಸಿದರು ಅಂತ ಒಂದೇ ಮಾದರಿಯಲ್ಲಿ ಲೆಕ್ಕ ಕೊಡುವ ಕೌಂಟರ್ (COUNTER) ವರದಿಯನ್ನು ಪ್ರಕಾಶಕರಿಂದ ಕೇಳಿ. ಅದರಲ್ಲಿ ಟಿಆರ್-ಜೆ1 ಎಂಬ ಪಟ್ಟಿ ಯಾವ ಜರ್ನಲ್‌ನಿಂದ ಎಷ್ಟು ಲೇಖನ ಓದಿದರು ಅಂತ ಹೇಳುತ್ತದೆ. ಒಬ್ಬರೇ ಒಂದೇ ಲೇಖನವನ್ನು ಒಂದೇ ಸಲಕ್ಕೆ ವೆಬ್ ಪುಟದಲ್ಲೂ ಪಿಡಿಎಫ್‌ನಲ್ಲೂ ತೆರೆದಿದ್ದರೆ ಅದನ್ನು ಒಂದೇ ಅಂತ ಎಣಿಸುವ "ಯೂನಿಕ್" ಸಾಲನ್ನು ನೋಡಿ, ಚಂದಾ ಹಣವನ್ನು ಅದರಿಂದ ಭಾಗಿಸಿ. ನನಗೆ ಅದಕ್ಕಿಂತ ಇಷ್ಟವಾದದ್ದು ಟಿಆರ್-ಜೆ2. ಓದಲು ಹೋಗಿ ಬಾಗಿಲು ತೆರೆಯದೆ ವಾಪಸ್ ಬಂದವರ ಲೆಕ್ಕ ಅಲ್ಲಿದೆ. ನಮ್ಮ ಓದುಗರಿಗೆ ಏನು ಬೇಕಿತ್ತು, ನಾವು ಏನು ಕೊಡಲಿಲ್ಲ ಅಂತ ಅದು ನೇರವಾಗಿ ತೋರಿಸುತ್ತದೆ. ಓದಿದ್ದು ಕಮ್ಮಿ ಅನ್ನುವುದೊಂದನ್ನೇ ಹಿಡಿದು ಜರ್ನಲ್ ಬಿಡಬೇಡಿ. ಗಣಿತದಲ್ಲಿ ವರ್ಷಕ್ಕೆ ನಾಲ್ಕು ಜನ ಓದಿದರೂ ಆ ನಾಲ್ಕು ಜನಕ್ಕೆ ಬೇರೆ ದಾರಿ ಇರುವುದಿಲ್ಲ.

ಲಾಗಿನ್ ಬಂದ ಮೇಲೆ ಒಂದು ಎಚ್ಚರಿಕೆ. ಯಾರಾದರೂ ಇಡೀ ಸಂಪುಟವನ್ನೇ ಒಟ್ಟಿಗೆ ಇಳಿಸಲು ಹೋದರೆ ಪ್ರಕಾಶಕರು ಇಡೀ ಕ್ಯಾಂಪಸ್‌ನ ಪ್ರವೇಶ ನಿಲ್ಲಿಸಿಬಿಡಬಹುದು. ಪಾಸ್‌ವರ್ಡನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೂ ಅದೇ ಗತಿ. ಮೊದಲ ತರಗತಿಯಲ್ಲೇ ಇದನ್ನು ಹೇಳಿಕೊಡಿ.

ಕನ್ನಡ ಪತ್ರಿಕೆಗಳ ವಿಷಯದಲ್ಲಿ ಮಾತ್ರ ದಯವಿಟ್ಟು ಗಟ್ಟಿಯಾಗಿ ನಿಲ್ಲಿ. ಆಡಳಿತ ಮಂಡಳಿ "ಎಲ್ಲ ಆನ್‌ಲೈನ್" ಅನ್ನುವಾಗ ಅವರ ಮನಸ್ಸಿನಲ್ಲಿರುವುದು ಇಂಗ್ಲಿಷ್ ಜರ್ನಲ್. ಪ್ರಬುದ್ಧ ಕರ್ನಾಟಕ 1919ರಿಂದ ಬಂದದ್ದು, ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಿಂದ. ಇವನ್ನು ನಮಗೆ ಮಾರುವ ದೊಡ್ಡ ಇ-ಜರ್ನಲ್ ಪ್ಯಾಕೇಜುಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಾಕ್ಷಿ, ಸಂಕ್ರಮಣ, ರುಜುವಾತು, ದೇಶಕಾಲದ ಹಳೆಯ ಸಂಚಿಕೆಗಳು ನಿಮ್ಮ ಕಪಾಟಿನಲ್ಲಿ ಇದ್ದರೆ ಇವತ್ತೇ ಎಣಿಸಿ, ಬಿಟ್ಟುಹೋದ ಸಂಚಿಕೆಗಳ ಪಟ್ಟಿ ಮಾಡಿ, ಬೈಂಡಿಂಗ್‌ಗೆ ಕಳಿಸಿ. ಬೈಂಡ್ ಮಾಡುವಾಗ ಮುಖಪುಟ, ಜಾಹೀರಾತು, ಚಂದಾದಾರರಿಗೆ ಬರೆದ ಪುಟ ಯಾವುದನ್ನೂ ಕತ್ತರಿಸದಂತೆ ಹೇಳಿ. ಸಂಶೋಧನೆ ಮಾಡುವವರು ಎಷ್ಟೋ ಸಲ ಅದನ್ನೇ ಕೇಳಿಕೊಂಡು ಬರುತ್ತಾರೆ. ಇಂಗ್ಲಿಷ್ ಜರ್ನಲ್‌ನಲ್ಲಿ ಉಳಿಸಿದ ಹಣದಲ್ಲಿ ಕನ್ನಡದ ಚಂದಾ ಹೆಚ್ಚಿಸಿ ಅಂತ ಬರಹದಲ್ಲೇ ಕೇಳಿ. ನಮ್ಮಲ್ಲಿ ಒಪ್ಪಿದರು.

ಉಳಿದ ಹಳೆಯ ಸಂಪುಟಗಳನ್ನು ರದ್ದಿಗೆ ಹಾಕುವ ಮುಂಚೆ ಹತ್ತಿರದ ವಿಶ್ವವಿದ್ಯಾಲಯದ ಲೈಬ್ರರಿಗೆ ಪಟ್ಟಿ ಕಳಿಸಿ, ಅವರಲ್ಲಿ ಯಾವುದು ಇಲ್ಲವೋ ಅದನ್ನು ಕೊಡಿ. ಜನವರಿಯ ಚಂದಾಕ್ಕೆ ತೀರ್ಮಾನ ಸೆಪ್ಟೆಂಬರ್ ಒಳಗೆ ಆಗಬೇಕು. ಈ ವಾರ ಎಲ್ಲ ವಿಭಾಗದ ಮುಖ್ಯಸ್ಥರಿಗೂ ಜರ್ನಲ್ ಪಟ್ಟಿ ಕೊಟ್ಟು, ಪ್ರತಿ ಹೆಸರಿನ ಮುಂದೆ ಅವರ ಸಹಿ ತೆಗೆದುಕೊಳ್ಳಿ.