ಪೋಸ್ಟರ್ ಬೆದರಿಸಿದ ಹಾಗಿದೆ ಅಂತಾರೆ, ಅಕ್ಷರದಲ್ಲಿ ಏನು ಬದಲಿಸಲಿ?

ಪ್ರಶ್ನೆ: ರಕ್ತದಾನ ಶಿಬಿರಕ್ಕೆ ಪೋಸ್ಟರ್ ಮಾಡುತ್ತಿದ್ದೇನೆ. ನಡುವೆ ದೊಡ್ಡದಾಗಿ, ದಪ್ಪ ಅಕ್ಷರದಲ್ಲಿ ‘ನಿಮ್ಮ ರಕ್ತ ಬೇಕು’ ಅಂತಿದೆ. ನೋಡಿದವರೆಲ್ಲ ಬೆದರಿಕೆ ಹಾಕಿದ ಹಾಗಿದೆ ಅಂತಾರೆ. ಮಾತು ಬದಲಿಸುವ ಹಾಗಿಲ್ಲ, ಆಗಲೇ ಒಪ್ಪಿಗೆಯಾಗಿದೆ. ಬರೀ ಅಕ್ಷರದಿಂದ ಇದು ಸರಿಹೋಗುತ್ತಾ? ಈ ಕೆಲಸ ಮಾಡಿದವರು ಹೇಳಿ.

ಉತ್ತರ 1: ಸರಿಹೋಗುತ್ತದೆ. ಆದರೆ ಹೊಸ ಫಾಂಟ್ ಹುಡುಕಲು ಹೊರಡಬೇಡಿ. ನಾನು ನೋಡಿದಂತೆ ಮುಕ್ಕಾಲು ಪಾಲು ಭಾವ ಇರುವುದು ಅಕ್ಷರದ ತೂಕ (ಅಂದರೆ ಗೆರೆ ಎಷ್ಟು ದಪ್ಪ ಎಂಬುದು), ಗಾತ್ರ ಮತ್ತು ಸುತ್ತ ಬಿಟ್ಟ ಜಾಗದಲ್ಲಿ. ಫಾಂಟ್ ಆಮೇಲಿನ ಮಾತು.

ನಿಮ್ಮ ಮೂರು ಪದಗಳನ್ನೇ ತೆಗೆದುಕೊಳ್ಳಿ. ‘ರಕ್ತ’ ಮಾತ್ರ ದಪ್ಪ ಮಾಡಿದರೆ ಓದುವವರಿಗೆ ಮೊದಲು ಗಾಯ, ಅಪಘಾತ ನೆನಪಾಗುತ್ತದೆ. ‘ನಿಮ್ಮ’ ದಪ್ಪವಾದರೆ ಬೆರಳು ತೋರಿಸಿ ಕೇಳಿದಂತೆ. ಮೂರನ್ನೂ ಒಂದೇ ಸಾಧಾರಣ ತೂಕಕ್ಕೆ ತಂದು ‘ಬೇಕು’ ಒಂದನ್ನೇ ಒಂದು ಹಂತ ಏರಿಸಿ ನೋಡಿ, ಅದು ವಿನಂತಿಯಾಗುತ್ತದೆ. ಮಾತಾಡುವಾಗ ಯಾವ ಪದದ ಮೇಲೆ ಒತ್ತು ಬೀಳುತ್ತದೋ, ಅದೇ ಪದ ಹಾಳೆಯ ಮೇಲೆ ದಪ್ಪವಾಗಿರಬೇಕು. ಜೊತೆಗೆ, ಪದಗಳು ಅಂಚಿನಿಂದ ಅಂಚಿಗೆ ತುಂಬಿದ್ದರೆ ಗಾತ್ರ ಕಡಿಮೆ ಮಾಡಿ. ಸುತ್ತ ಖಾಲಿ ಜಾಗ ಸಿಕ್ಕಿದ ಕೂಡಲೇ ದನಿ ಇಳಿಯುತ್ತದೆ. ದಪ್ಪ ಅಕ್ಷರಕ್ಕೆ ಕೆಂಪನ್ನೂ ಬಳಿದಿದ್ದರೆ ಎರಡರಲ್ಲಿ ಒಂದನ್ನು ಬಿಡಿ.

ಉತ್ತರ 2: ಮೇಲಿನವರು ಹೇಳಿದ್ದು ನಿಜ, ಆದರೂ ಫಾಂಟನ್ನು ಅಷ್ಟು ಹಿಂದಕ್ಕೆ ತಳ್ಳಲು ನನಗೆ ಮನಸ್ಸಿಲ್ಲ. ಒಂದು ಅಕ್ಷರಶೈಲಿಯನ್ನು ಜನ ಮೊದಲು ಎಲ್ಲಿ ನೋಡಿರುತ್ತಾರೋ ಆ ನೆನಪು ಅದರ ಜೊತೆಗೇ ಬರುತ್ತದೆ. ಜರ್ಮನಿಯಲ್ಲಿ ಶತಮಾನಗಳ ಕಾಲ ಪುಸ್ತಕಗಳನ್ನು ಅಚ್ಚು ಹಾಕಿದ ಫ್ರಾಕ್ಟೂರ್ ಅಕ್ಷರವನ್ನು ನೋಡಿದರೆ ಇವತ್ತು ಹಲವರಿಗೆ ನಾಜಿ ಆಡಳಿತ ನೆನಪಾಗುತ್ತದೆ. ಅದೇ ಆಡಳಿತ 1941ರ ಜನವರಿಯಲ್ಲಿ ಅದರ ಬಳಕೆ ನಿಲ್ಲಿಸಲು ಆದೇಶಿಸಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆಕಾರದ ಗುಣಕ್ಕಿಂತ ನೆನಪೇ ಅಲ್ಲಿ ಗೆದ್ದಿತು.

ಕಾಮಿಕ್ ಸ್ಯಾನ್ಸ್ ಎಂಬ ಇಂಗ್ಲಿಷ್ ಫಾಂಟ್ ಕೂಡ ಹಾಗೆಯೇ. ವಿನ್ಸೆಂಟ್ ಕನ್ನೇರ್ 1994ರಲ್ಲಿ ಅದನ್ನು ರೂಪಿಸಿದ್ದು ಕಾರ್ಟೂನ್ ನಾಯಿಯ ಮಾತಿನ ಗುಳ್ಳೆಗಾಗಿ, ಅಲ್ಲಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. 2012ರಲ್ಲಿ ಹಿಗ್ಸ್ ಕಣದ ಶೋಧವನ್ನು ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ಪ್ರಕಟಿಸಿದಾಗ ಒಂದು ಮಂಡನೆಯ ಸ್ಲೈಡುಗಳು ಅದೇ ಅಕ್ಷರದಲ್ಲಿದ್ದವು. ಅಷ್ಟು ದೊಡ್ಡ ಸುದ್ದಿಯ ನಡುವೆಯೂ ಜನ ಫಾಂಟ್ ಬಗ್ಗೆ ಮಾತಾಡಿದರು. ನಿಮ್ಮ ಪೋಸ್ಟರಿಗೂ ದುಂಡಗಿನ, ಮುದ್ದಾದ ಫಾಂಟ್ ಹಾಕಿ ಮೆತ್ತಗೆ ಮಾಡೋಣ ಅಂತ ಅನ್ನಿಸಬಹುದು. ಬೇಡ. ರಕ್ತ ಕೇಳುವವರ ಮೇಲೆ ನಂಬಿಕೆ ಹುಟ್ಟಬೇಕು, ಮಕ್ಕಳ ಕಾರ್ಯಕ್ರಮದ ಅಕ್ಷರ ಆ ನಂಬಿಕೆ ಕೊಡುವುದಿಲ್ಲ. ಗೆರೆಯಲ್ಲಿ ದಪ್ಪ-ಸಣ್ಣ ಏರಿಳಿತ ಇರುವ, ಪುಸ್ತಕದಲ್ಲಿ ಕಾಣುವಂಥ ತೀರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿ ನೋಡಿ.

ಉತ್ತರ 3: ಕನ್ನಡ ಲಿಪಿಯದ್ದೇ ಒಂದೆರಡು ಮಾತು. ನಿಮ್ಮ ಸಾಲಿನಲ್ಲೇ ‘ಮ್ಮ’, ‘ಕ್ತ’ ಎರಡು ಒತ್ತಕ್ಷರಗಳಿವೆ. ತೀರಾ ದಪ್ಪ ಫಾಂಟಿನಲ್ಲಿ ‘ಕ್ತ’ದ ಒಳಗಿನ ಬಿಳಿ ಜಾಗ ಮುಚ್ಚಿಹೋಗಿ, ದೂರದಿಂದ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಬೆದರಿಕೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ಪದಗಳನ್ನು ಒಂದರ ಕೆಳಗೊಂದು ಜೋಡಿಸಿದ್ದರೆ ಸಾಲಿನ ಅಂತರ ಧಾರಾಳವಾಗಿ ಕೊಡಿ. ಇಂಗ್ಲಿಷಿಗೆ ಸಾಕಾಗುವ ಅಂತರ ನಮಗೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ, ಓದುವವರ ಉಸಿರು ಕಟ್ಟುತ್ತದೆ.

ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿ ಹಗುರ ಮಾಡಲು ಹೋಗಬೇಡಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ‘ಬೇ’ಯ ದೀರ್ಘ ಅಕ್ಷರದಿಂದ ದೂರ ಸರಿದು ನಿಲ್ಲುತ್ತದೆ. ಓರೆ ಅಕ್ಷರವೂ ಬೇಡ, ದುಂಡು ಲಿಪಿ ವಾಲಿದಂತೆ ಕಾಣುತ್ತದೆ.

ಕೊನೆಗೆ ಪೂರ್ತಿ ಗಾತ್ರದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಇದನ್ನು ಮೊದಲು ನೋಡಿರದ ಯಾರಿಗಾದರೂ ದೂರದಿಂದಲೇ ಜೋರಾಗಿ ಓದಲು ಹೇಳಿ. ಅವರು ಯಾವ ದನಿಯಲ್ಲಿ ಓದುತ್ತಾರೆ ಕೇಳಿಸಿಕೊಳ್ಳಿ. ಗದರಿದಂತಿದ್ದರೆ ತೂಕ ಇನ್ನೊಂದು ಹಂತ ಇಳಿಸಿ.